ಎರಡನೇ ಟ್ರೇ

ನಮ್ಮ ಮನೆಯ ಓವನ್‌ಗೆ ಎರಡು ಟ್ರೇ. ಒಂದರ ಅಂಚಿನಲ್ಲಿ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇದೆ. ಚುಕ್ಕೆ ಇರೋದು ಮೊಟ್ಟೆ ಹಾಕಿದ ಬ್ರೌನಿಗೆ, ಇಲ್ಲದ್ದು ಅತ್ತೆಯವರು ತಿನ್ನುವಂಥದ್ದಕ್ಕೆ. ಎರಡಕ್ಕೂ ಬೇರೆ ಬಟ್ಟಲು, ಬೇರೆ ಚಮಚ, ಪಾತ್ರೆ ಉಜ್ಜುವ ನಾರು ಕೂಡ ಬೇರೆ. ವಿದ್ಯಾರಣ್ಯಪುರಂನ ನಮ್ಮ ರಸ್ತೆಯಲ್ಲಿ ಈ ಏರ್ಪಾಡು ನಮ್ಮ ಮನೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಮೂರು ಮನೆ ಆಚೆ ಇರೋವರು ಓವನ್ನನ್ನೇ ಎರಡು ಇಟ್ಟುಕೊಂಡಿದ್ದಾರೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಹಿಂದುಗಡೆ ಪಾತ್ರೆ ತೊಳೆಯೋ ಜಾಗದಲ್ಲಿ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಬೇಕಿಂಗ್ ಹುಚ್ಚು ಹಿಡಿದದ್ದು 2020ರ ಲಾಕ್‌ಡೌನ್‌ನಲ್ಲಿ, ಊರಿನ ಅರ್ಧ ಜನಕ್ಕೆ ಹಿಡಿದ ಹಾಗೇ. ಬೇರೆಯವರಿಗೆ ಬಿಟ್ಟಿತು, ನನಗೆ ಬಿಡಲಿಲ್ಲ. ವಾರಕ್ಕೊಂದು ಸಲ ಕುಕೀಸ್, ಹದಿನೈದು ದಿನಕ್ಕೊಂದು ಸಲ ಬ್ರೌನಿ. ನಮ್ಮ ಬಡಾವಣೆಯ ಗಾಳಿಗೆ ಮೈಸೂರಿನಲ್ಲಿ ಒಂದು ಹೆಸರಿದೆ, ಹಳಬರಿಗೆ ಗೊತ್ತು. ಸೂಯೇಜ್ ಫಾರಂ ಕಡೆಯಿಂದ ಗಾಳಿ ಬೀಸುವ ಸಂಜೆ ನಮ್ಮ ಮನೆಯಿಂದ ಬೆಣ್ಣೆ, ಕೋಕೋ ವಾಸನೆ ಎದ್ದರೆ ಪಕ್ಕದ ಮನೆಯವರೇ ಕಿಟಕಿ ತೆಗೆದು "ಇವತ್ತೇನ್ರೀ ಮೇಡಂ?" ಅಂತ ಕೇಳ್ತಾರೆ.

ಆದರೆ ಮೂವತ್ತು ವರ್ಷ ಪಾಠ ಮಾಡಿದ ಚಾಳಿ ಹೋಗೋದಿಲ್ಲ. ಎರಡು ಟ್ರೇ ಯಾಕೆ ಅಂತ ಮೊಮ್ಮಗಳು ಕೇಳಿದಳು. "ಅಜ್ಜಿ ಮೊಟ್ಟೆ ತಿನ್ನಲ್ಲ, ಅದಕ್ಕೆ" ಅಂದೆ. ಸುಲಭದ ಉತ್ತರ. ಹಳೆಯ ಕಾಲವನ್ನು ಸ್ವಲ್ಪ ಕೆದಕಿ ನೋಡಿದರೆ ವಿಷಯ ಬೇರೆಯೇ ಇದೆ. ನಮ್ಮ ದೇಶದಲ್ಲಿ ಬಿಸ್ಕತ್ತಿನ ಜಗಳ ಶುರುವಾದಾಗ ಅದರಲ್ಲಿ ಮೊಟ್ಟೆಯ ಮಾತೇ ಇರಲಿಲ್ಲ. ಹಿಟ್ಟು ಕಲಸಿದ ಕೈ ಯಾರದ್ದು ಅನ್ನೋದೇ ಜಗಳ. ಮೊಟ್ಟೆ ಎಷ್ಟೋ ಕಾಲದ ಮೇಲೆ ಬಂದು ಆ ಕೈಯ ಜಾಗದಲ್ಲಿ ಕೂತುಕೊಂಡಿತು ಅನ್ನೋದು ನನ್ನ ಲೆಕ್ಕ.

ಮೊದಲು ಬೆಂಕಿಯ ವಿಷಯ ಹೇಳಿಬಿಡ್ತೀನಿ. ಕನ್ನಡದಲ್ಲಿ ಬೇಯಿಸು ಇದೆ, ಸುಡು ಇದೆ, ಹುರಿ, ಕರಿ, ಕಾಯಿಸು, ಬಾಡಿಸು ಎಲ್ಲ ಇವೆ. ಮುಚ್ಚಿದ ಪೆಟ್ಟಿಗೆಯೊಳಗೆ ಸುತ್ತಲೂ ಒಣ ಶಾಖ ಕೊಟ್ಟು ಬೇಯಿಸೋದಕ್ಕೆ ಮಾತ್ರ 'ಬೇಕ್ ಮಾಡು' ಅಂತಲೇ ಅನ್ನಬೇಕು. ಪದ ಇಲ್ಲ ಅಂದಮಾತ್ರಕ್ಕೆ ಕೆಲಸ ಗೊತ್ತಿರಲಿಲ್ಲ ಅಂತ ಅಲ್ಲ. 16ನೇ ಶತಮಾನದ ಶುರುವಿನಲ್ಲಿ ಕಲ್ಲಹಳ್ಳಿಯ ಮೂರನೇ ಮಂಗರಸ, ನಮ್ಮ ಮೈಸೂರು ಸೀಮೆಯವನೇ, 'ಸೂಪಶಾಸ್ತ್ರ' ಅಂತ ಒಂದು ಅಡುಗೆ ಪುಸ್ತಕ ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಹಿಟ್ಟಿನ ತಿಂಡಿಗಳದ್ದು. ಅಲ್ಲಿ ಮುಚ್ಚಳ ರೊಟ್ಟಿ ಅಂತ ಒಂದು ಬರುತ್ತೆ. ಎರಡು ತಟ್ಟೆಗಳ ನಡುವೆ ಹಿಟ್ಟು, ಕೆಳಗೂ ಕೆಂಡ, ಮೇಲೂ ಕೆಂಡ. ಓವನ್ ಅಂದರೆ ಅಷ್ಟೇ ತಾನೆ? ಗೋವಾದವರ ಬೆಬಿಂಕಾ ಪದರ ಪದರವಾಗಿ ಹದಕ್ಕೆ ಬರೋದೂ ಹೀಗೇ ಮೇಲಿಟ್ಟ ಕೆಂಡದಲ್ಲಿ. ಬೆಳಗಾವಿ ಕಡೆ ಮಂಡಿಗೆಯನ್ನು ಮಗುಚಿಟ್ಟ ಗಡಿಗೆಯ ಬೆನ್ನಿನ ಮೇಲೆ ಬೇಯಿಸ್ತಾರೆ. ಉಪಾಯ ಗೊತ್ತಿತ್ತು. ದಿನಾ ಮಾಡೋ ಅಡುಗೆಗೆ ಅದು ಬೇಕಾಗಿರಲಿಲ್ಲ ಅಷ್ಟೇ. ಅನ್ನ, ಸಾರು, ಮುದ್ದೆ ಮಾಡೋ ಮನೆಗೆ ಕೆಳಗಿನ ಬೆಂಕಿ ಸಾಕು.

ಬಿಸ್ಕತ್ತು ನಮ್ಮ ಸೀಮೆಗೆ ದಂಡಿನ ಜೊತೆ ಬಂತು. ಲ್ಯಾಟಿನ್ ಮೂಲದಲ್ಲಿ ಆ ಹೆಸರಿಗೆ ಎರಡು ಸಲ ಬೇಯಿಸಿದ್ದು ಅಂತ ಅರ್ಥ. ನೀರಿನ ಅಂಶ ಪೂರ್ತಿ ಹೋಗಬೇಕು, ಹಡಗಿನಲ್ಲಿ, ಗಾಡಿಯಲ್ಲಿ ತಿಂಗಳುಗಟ್ಟಲೆ ಕೆಡಬಾರದು, ಅದಕ್ಕೆ ಎರಡು ಸಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತು. ಅಲ್ಲಿನ ಚಳಿಜ್ವರ ತಡೆಯಲಾರದೆ 1809ರಲ್ಲಿ ಬೆಂಗಳೂರಿಗೆ ಹೋಗಿ ಕಂಟೋನ್ಮೆಂಟ್ ಕಟ್ಟಿಕೊಂಡಿತು. ಬಿಳಿಯರು ಇದ್ದಲ್ಲಿ ಬ್ರೆಡ್ಡಿನ ಭಟ್ಟಿ ಇರಲೇಬೇಕು. ಅಂಥ ಭಟ್ಟಿಗಳಲ್ಲಿ ಹೆಚ್ಚಾಗಿ ಕೆಲಸಕ್ಕೆ ಇದ್ದವರು ಮುಸಲ್ಮಾನರು, ಕ್ರೈಸ್ತರು, ಹಿಂದೂಗಳಲ್ಲಿ ಮೇಲುಜಾತಿಯವರು ಮುಟ್ಟಿಸಿಕೊಳ್ಳದವರು. ಅಲ್ಲಿಗೆ ಬಿಸ್ಕತ್ತಿನ ಜಾತಿ ನಿಶ್ಚಯವಾಯಿತು.

ಇಂಗ್ಲಿಷರ ಹೆಸರು ಬಂತು ಅಂತ ಡಚ್ಚರನ್ನ ಮರೆಯೋ ಹಾಗಿಲ್ಲ. ಅಮೆರಿಕದವರು ಹೇಳೋ 'ಕುಕಿ' ಡಚ್ಚರ ಮಾತಿನ ಪುಟ್ಟ ಕೇಕ್. ನಮ್ಮ ಬೇಕರಿಗಳ ನಾನ್‌ಖಟಾಯಿ ಸೂರತ್ತಿನ ಡಚ್ ಭಟ್ಟಿಯ ಮಗು ಅಂತ ಅಲ್ಲಿನವರು ಹೇಳ್ತಾರೆ. ಡಚ್ಚರು ಊರು ಬಿಟ್ಟಾಗ ದೋಟಿವಾಲಾ ಅನ್ನೋ ಪಾರ್ಸಿಯವರ ಕೈಗೆ ಭಟ್ಟಿ ಬಂತಂತೆ. ಅಂದರೆ ನಾನು ಇವತ್ತು ಮಾಡೋ ಕುಕಿ, ನನ್ನ ಅಮ್ಮ ಬೇಕರಿಯಿಂದ ತರಿಸ್ತಿದ್ದ ನಾನ್‌ಖಟಾಯಿ, ಎರಡೂ ದಾಯಾದಿಗಳೇ.

ಜಗಳದ ಕಥೆ ನಿಜವಾಗಿ ಬಿಸಿಯೇರೋದು 19ನೇ ಶತಮಾನದಲ್ಲಿ. ಬಂಗಾಳದ ರಾಜನಾರಾಯಣ ಬಸು 1846ರಲ್ಲಿ ಬ್ರಹ್ಮಸಮಾಜ ಸೇರಿದರು. ಆ ದಿನ ಬಿಸ್ಕತ್ತು ಮತ್ತು ಶೆರಿ ತರಿಸಿದರಂತೆ. ತಾವು ಜಾತಿ ಪಾಲಿಸೋದಿಲ್ಲ ಅಂತ ತೋರಿಸೋದಕ್ಕೆ! ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಒಂದು ಬಿಸ್ಕತ್ತು ಕಡಿದರೆ ಅದು ಒಂದು ಘೋಷಣೆ ಆಗ್ತಿದ್ದ ಕಾಲ ನೋಡಿ. 1890ರಲ್ಲಿ ಪುಣೆಯ ಪಂಚ ಹೌದ್ ಮಿಷನ್‌ನಲ್ಲಿ ಒಂದು ಕಾರ್ಯಕ್ರಮ. ರಾನಡೆ, ತಿಲಕ್, ಗೋಖಲೆ ಎಲ್ಲ ಹೋಗಿದ್ದರು. ಕೊನೆಗೆ ಚಹಾ, ಬಿಸ್ಕತ್ತು ಬಂತು. ಬಂದಿದ್ದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು, ದೂರು ಶಂಕರಾಚಾರ್ಯ ಪೀಠದವರೆಗೆ ಹೋಯಿತು, ಪ್ರಾಯಶ್ಚಿತ್ತದ ಮಾತು ವರ್ಷಗಟ್ಟಲೆ ನಡೆಯಿತು. ರಾನಡೆ ಆಗ ದೊಡ್ಡ ನ್ಯಾಯಾಧೀಶರು. ಅಂಥವರಿಗೇ ಹೀಗಾದರೆ ಹೊಳೆನರಸೀಪುರದ ಕಡೆಯ ಅಗ್ರಹಾರದ ಹುಡುಗನ ಗತಿ ಏನು? ಆ ಹುಡುಗನ ವಿಷಯಕ್ಕೆ ಆಮೇಲೆ ಬರ್ತೀನಿ.

ಇತಿಹಾಸದಲ್ಲಿ ಕೆಲವು ಇಸವಿಗಳು ತಮಾಷೆಯಾಗಿ ಜೊತೆಗೂಡುತ್ತವೆ. 1898 ಅಂಥದ್ದು. ಆ ವರ್ಷ ದಿಲ್ಲಿಯಲ್ಲಿ ಹಿಂದೂ ಬಿಸ್ಕಟ್ ಕಂಪನಿ ಶುರುವಾಯಿತು. ಹೆಸರಿನಲ್ಲೇ ಎಲ್ಲ ಇದೆ. ಹಿಟ್ಟು ಕಲಸೋದರಿಂದ ಡಬ್ಬಕ್ಕೆ ತುಂಬೋವರೆಗೂ ಮೇಲುಜಾತಿ ಹಿಂದೂಗಳ ಕೈ ಮಾತ್ರ ಅನ್ನೋದೇ ಅವರ ಜಾಹೀರಾತು. ಅದೇ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆ ಕಡೆ ಹಾಸನ ಜಿಲ್ಲೆಯಿಂದ ಬಂದಿದ್ದ ಎಚ್.ಎಸ್. ತಿರುಮಲಾಚಾರ್ ಮತ್ತು ಸಹೋದರರು ಬಿ.ಬಿ. ಬೇಕರಿ ತೆರೆದರು. ಬೆಂಗಳೂರು ಬ್ರದರ್ಸ್ ಬೇಕರಿ. ಮೊದಲು ಸಿಹಿತಿಂಡಿ ಅಂಗಡಿ ಇಟ್ಟಿದ್ದರಂತೆ. ಗಿರಾಕಿಯಾಗಿ ಬರ್ತಿದ್ದ ಒಬ್ಬ ಇಂಗ್ಲಿಷರವನು ವೆಸ್ಟ್ ಎಂಡ್ ಹೋಟೆಲಿನಲ್ಲಿ ಅವರಿಗೆ ಬೇಕಿಂಗ್ ಹೇಳಿಕೊಟ್ಟ ಅಂತ ಅವರ ಮನೆತನದಲ್ಲಿ ಕಥೆ ಉಂಟು. ನಾವು ಇವತ್ತು ಊರೂರಲ್ಲಿ ನೋಡೋ ಅಯ್ಯಂಗಾರ್ ಬೇಕರಿಯ ವಂಶವೃಕ್ಷ ಅಲ್ಲಿಂದ ಶುರು. ಹಾಸನದ ಸುತ್ತಲಿನ ಹಳ್ಳಿಗಳ ಹುಡುಗರು ನೆಂಟರ ಬೇಕರಿಗೆ ಕೆಲಸಕ್ಕೆ ಸೇರೋದು, ನಾಲ್ಕಾರು ವರ್ಷ ಕಲಿಯೋದು, ಇನ್ನೊಂದು ಊರಲ್ಲಿ ತಮ್ಮದೇ ಬೋರ್ಡು ಹಾಕೋದು. ಹೀಗೇ ಬೆಳೆದದ್ದು ಅದು.

ಅಯ್ಯಂಗಾರ್ ಬೇಕರಿಯನ್ನ ನಾವು ಪ್ರೀತಿಯಿಂದ ನೆನಪಿಸಿಕೊಳ್ಳೋದೇ ಹೆಚ್ಚು. ಖಾರ ಬಿಸ್ಕತ್ತು, ದಿಲ್‌ಪಸಂದ್, ಕಾಂಗ್ರೆಸ್ ಕಡಲೇಕಾಯಿ, ಜೇನು ಸುರಿದ ಹನಿಕೇಕು. ನನಗೂ ಅಷ್ಟೇ ಪ್ರೀತಿ. ಖಾರ ಬಿಸ್ಕತ್ತು ಅನ್ನೋದು ಪರದೇಶದ ತಿಂಡಿಗೆ ಹಸಿಮೆಣಸಿನಕಾಯಿ, ಕರಿಬೇವು, ಇಂಗು ಹಾಕಿ ಮನೆಯವಳನ್ನಾಗಿ ಮಾಡಿಕೊಂಡ ಉಪಾಯ. ಅದನ್ನ ಕಂಡುಹಿಡಿದವರಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ, ಕೊಡಬೇಕಿತ್ತು. ಆದರೆ ಇತಿಹಾಸದ ಮೇಷ್ಟ್ರಾಗಿ ಒಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಬೋರ್ಡಿನ ಮೇಲೆ ಜಾತಿಯ ಹೆಸರು ಇದ್ದದ್ದು ಅಲಂಕಾರಕ್ಕಲ್ಲ. ಒಳಗೆ ಕಲಸಿದ ಕೈ ಯಾರದ್ದು ಅಂತ ಹೊರಗೇ ಹೇಳೋ ಭರವಸೆ ಅದು. ದಿಲ್ಲಿಯ ಕಂಪನಿ ಜಾಹೀರಾತಿನಲ್ಲಿ ಹೇಳಿದ್ದನ್ನ ಇಲ್ಲಿ ಒಂದೇ ಪದದಲ್ಲಿ ಹೇಳ್ತಿದ್ದರು. ಮಡಿಯವರಿಗೆ ಬೇಕರಿಯ ಬಾಗಿಲು ತೆಗೆದದ್ದು ಆ ಪದ. ಬೇರೆ ಕೈಗಳ ಬಗ್ಗೆ ಇದ್ದ ಅಸಹ್ಯವನ್ನ ಹಾಗೇ ಉಳಿಸಿದ್ದೂ ಅದೇ. ಈಗ ಎಷ್ಟೋ ಅಯ್ಯಂಗಾರ್ ಬೇಕರಿಗಳಲ್ಲಿ ಎಗ್ ಪಫ್ ಸಿಗುತ್ತೆ, ಒಳಗೆ ಕೆಲಸ ಮಾಡೋವರು ಎಲ್ಲ ಜಾತಿಯವರೂ ಇದ್ದಾರೆ. ಬೋರ್ಡು ಮಾತ್ರ ಹಳೇದು.

ಅಷ್ಟಾದರೂ ಬಹಳ ಕಾಲ ಬ್ರೆಡ್ಡು ನಮ್ಮ ಮನೆಗಳಿಗೆ ಬಂದದ್ದು ಜ್ವರದ ಜೊತೆಯಲ್ಲೇ. ನಮ್ಮ ತಲೆಮಾರಿನವರಿಗೆ ನೆನಪಿರಬೇಕು. ಜ್ವರ ಬಂದರೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಆಸ್ಪತ್ರೆಗೆ ಯಾರನ್ನಾದರೂ ನೋಡೋಕೆ ಹೋದರೆ ಬಿಸ್ಕತ್ತು ಪ್ಯಾಕೆಟ್ಟು. ಕಾಯಿಲೆಯವರಿಗೆ ಮಡಿ ಇಲ್ಲ ಅನ್ನೋ ರಿಯಾಯಿತಿಯ ಸಂದಿಯಲ್ಲಿ ತೂರಿಕೊಂಡು ಬಂದ ತಿಂಡಿಗಳು ಇವು.

ಈಗ ಆ ಹುಡುಗನ ವಿಷಯ. ಅತ್ತೆಯವರಿಗೆ ಈಗ ಎಂಬತ್ತೇಳು. ಅವರು ಹುಟ್ಟಿದ್ದು ಹೊಳೆನರಸೀಪುರದ ಕಡೆಯ ಅಗ್ರಹಾರದಲ್ಲಿ. ಅವರ ಅಣ್ಣ ಹಾಸನದಲ್ಲಿ ಹೈಸ್ಕೂಲು ಓದ್ತಿದ್ದವರು ಒಂದು ಸಲ ರಜಕ್ಕೆ ಬರುವಾಗ ತಗಡಿನ ಡಬ್ಬದಲ್ಲಿ ಬಿಸ್ಕತ್ತು ತಂದರಂತೆ. ಮನೆಯಲ್ಲಿ ರಂಪ. ಡಬ್ಬ ಅಂಗಳ ದಾಟಿ ಒಳಗೆ ಬರೋಹಾಗಿಲ್ಲ. ಮಕ್ಕಳೆಲ್ಲ ಕೊಟ್ಟಿಗೆಯಲ್ಲಿ ಕೂತು ತಿಂದು, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಸಿಕೊಂಡು ಒಳಗೆ ಬಂದರಂತೆ.

ಆ ಮನೆಯಲ್ಲಿ ಅತ್ತೆಯವರ ಸೋದರತ್ತೆ ಒಬ್ಬರಿದ್ದರು. ಹನ್ನೊಂದು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು. ತಲೆ ಬೋಳಿಸಿ, ಕೆಂಪು ಸೀರೆ, ದಿನಕ್ಕೆ ಒಂದೇ ಊಟ, ಅದೂ ತಾವೇ ಮಡಿಯಲ್ಲಿ ಬೇಯಿಸಿಕೊಂಡದ್ದು. ಅವರು ಕೊಟ್ಟಿಗೆ ಬಾಗಿಲಲ್ಲಿ ನಿಂತು "ಹೆಂಗಿರತ್ತೇ ಅದು?" ಅಂತ ಕೇಳಿದರಂತೆ. ಎಂಟು ವರ್ಷದ ಅತ್ತೆ ಏನು ಹೇಳಬೇಕು ಅಂತ ತಿಳಿಯದೆ "ಸಿಹಿಯಾಗಿ ಹುಡಿಹುಡಿಯಾಗಿರತ್ತೆ" ಅಂದರು. ಮಾರನೇ ದಿನ ಸೋದರತ್ತೆ ಆ ಖಾಲಿ ಡಬ್ಬ ಕೇಳಿ ತಗೊಂಡರು. ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ದೇವರಮನೆಯಲ್ಲಿ ಹೂಬತ್ತಿ ಹಾಕಿಡೋಕೆ ಇಟ್ಟುಕೊಂಡರು. ತಗಡು ತೊಳೆದರೆ ಶುದ್ಧ. ಒಳಗಿದ್ದದ್ದು ಮಾತ್ರ ಅವರ ಪಾಲಿಗೆ ಕೊನೆವರೆಗೂ ಬರಲಿಲ್ಲ.

ಇದನ್ನ ಅತ್ತೆ ನನಗೆ ಹೇಳಿದ್ದು ನಾನು ನಾನ್‌ಖಟಾಯಿಗೆ ತುಪ್ಪ, ಸಕ್ಕರೆ ಉಜ್ಜುತ್ತಾ ಕೂತಿದ್ದಾಗ. ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡ್ತಾ ಇದ್ದು ಅಂದರು, "ಇದಕ್ಕೆ ನೀರೇ ಹಾಕಲಿಲ್ವಲ್ಲೇ."

"ಇಲ್ಲ ಅತ್ತೆ. ತುಪ್ಪ, ಸಕ್ಕರೆ, ಹಿಟ್ಟು ಅಷ್ಟೇ."

"ಹಾಗಾದ್ರೆ ಮುಸುರೆ ಆಗಲ್ಲ ಕಣೆ. ಸ್ನಾನ ಮಾಡಿ ಮನೇಲಿ ಯಾರಾದ್ರೂ ಮಾಡಿಕೊಟ್ಟಿದ್ರೆ ಅವರು ತಿನ್ನಬಹುದಿತ್ತು."

ನಾನು ಇದರ ಬಗ್ಗೆ ಪುಸ್ತಕದಲ್ಲಿ ಓದಿರಲಿಲ್ಲ. ಮಡಿಯ ಲೆಕ್ಕದಲ್ಲಿ ನೀರಿನಲ್ಲಿ ಬೆಂದದ್ದು ಮುಸುರೆ. ಅನ್ನಕ್ಕೆ ಇರೋ ಕಟ್ಟುನಿಟ್ಟು ಹುರಿದದ್ದಕ್ಕೆ, ತುಪ್ಪದಲ್ಲಿ ಕರಿದದ್ದಕ್ಕೆ ಇಲ್ಲ. ಬ್ರೆಡ್ಡಿಗೆ ನೀರು ಬೇಕು, ಹುದುಗು ಬೇಕು. ನಾನ್‌ಖಟಾಯಿಗೆ ಎರಡೂ ಬೇಡ. ಬ್ರೆಡ್ಡಿಗಿಂತ ಮೊದಲು ಒಣ ಬಿಸ್ಕತ್ತು ನಮ್ಮ ಮನೆಗಳ ಹೊಸ್ತಿಲು ದಾಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಆ ಹೆಂಗಸಿಗೆ ಶಾಸ್ತ್ರದ ಅಡ್ಡಿಯೂ ಇರಲಿಲ್ಲ ಅಂತಾಯ್ತು. ಇಲ್ಲದೇ ಹೋದದ್ದು ಮನೆಯಲ್ಲೊಂದು ಓವನ್, ಮತ್ತೆ ಅದನ್ನ ಅವರಿಗೋಸ್ಕರ ಹಚ್ಚೋ ಒಂದು ಕೈ.

ಇನ್ನು ಬ್ರೌನಿ. ಇದಕ್ಕೂ ಮೈಸೂರಿಗೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇಲ್ಲ, ಓರೆ ಸಂಬಂಧ ಒಂದಿದೆ. 1893ರಲ್ಲಿ ಶಿಕಾಗೋದಲ್ಲಿ ದೊಡ್ಡ ವಿಶ್ವಮೇಳ. ಅದರ ಮಹಿಳಾ ಮಂಡಳಿಯ ಅಧ್ಯಕ್ಷೆ ಬರ್ತಾ ಪಾಮರ್. ಆಕೆಯ ಗಂಡನದ್ದು ಪಾಮರ್ ಹೌಸ್ ಹೋಟೆಲು. ಮೇಳಕ್ಕೆ ಬರೋ ಹೆಂಗಸರ ಊಟದ ಡಬ್ಬಕ್ಕೆ ಕೈಗೆ ಅಂಟದ, ಕೇಕಿಗಿಂತ ಚಿಕ್ಕದಾದ ಸಿಹಿ ಮಾಡಿಕೊಡಿ ಅಂತ ಆಕೆ ಹೋಟೆಲಿನ ಅಡುಗೆಯವರಿಗೆ ಹೇಳಿದಳು, ಅದೇ ಬ್ರೌನಿ ಆಯಿತು ಅನ್ನೋದು ಆ ಹೋಟೆಲಿನವರ ಕಥೆ. ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನಕ್ಕೆ ವಿವೇಕಾನಂದರು ಹೋದದ್ದು. ಹಿಂದಿನ ವರ್ಷ 1892ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನ ಚಾಮರಾಜೇಂದ್ರ ಒಡೆಯರಿಗೆ ಪರಿಚಯ ಮಾಡಿಸಿದ್ದರು. ಅಮೆರಿಕದ ಪ್ರಯಾಣಕ್ಕೆ ಮಹಾರಾಜರ ನೆರವೂ ಇತ್ತು. ಶಿಕಾಗೋದಿಂದ ಸ್ವಾಮೀಜಿ ಮಹಾರಾಜರಿಗೆ ಪತ್ರ ಬರೆದದ್ದೂ ಉಂಟು. ಅವರು ಬ್ರೌನಿ ತಿಂದರಾ ಅಂತ ಮಾತ್ರ ನನ್ನ ಕೇಳಬೇಡಿ.

ಅಚ್ಚಾದ ಪುಸ್ತಕದ ಪುರಾವೆ ಹುಡುಕಿದರೆ ಕಥೆ ಸ್ವಲ್ಪ ಬದಲಾಗುತ್ತೆ. ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಬ್ರೌನಿ ಅನ್ನೋ ಹೆಸರಲ್ಲಿ ಕೊಟ್ಟದ್ದು ಕಾಕಂಬಿಯ ಪುಟ್ಟ ಕೇಕು. ಚಾಕೊಲೇಟೇ ಇಲ್ಲ! ಚಾಕೊಲೇಟು ಸೇರಿದ್ದು 1906ರ ಆವೃತ್ತಿಯಲ್ಲಿ. ನಾನೊಮ್ಮೆ ಜೋನಿಬೆಲ್ಲ ಹಾಕಿ ಆ ಹಳೇ ಥರದ್ದು ಮಾಡಿ ನೋಡಿದೆ. ಚಾಕೊಲೇಟಿನ ನೆನಪು ಬದಿಗಿಟ್ಟು ತಿಂದರೆ ಚೆನ್ನಾಗಿಯೇ ಇರುತ್ತೆ, ನಮ್ಮ ನಾಲಿಗೆಗೆ ಇನ್ನೂ ಹತ್ತಿರ.

ಕೋಕೋ ನಮ್ಮ ಕರ್ನಾಟಕಕ್ಕೆ ಬಂದ ಕಥೆಯಲ್ಲಿ ರೈತರ ಹೊಟ್ಟೆಯ ಪ್ರಶ್ನೆ ಇದೆ. 1970ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಹಾಕಿಸಿದರು. ಕೊಳ್ಳೋವರು ಒಂದೆರಡು ದೊಡ್ಡ ಕಂಪನಿಗಳು ಮಾತ್ರ. ದಶಕದ ಕೊನೆಗೆ ಬೆಲೆ ಬಿದ್ದು ಹೋಯಿತು, ಹಣ್ಣನ್ನ ಕೇಳೋರಿಲ್ಲ. ಆಗ ಕೈಹಾಕಿದ್ದು ಕ್ಯಾಂಪ್ಕೋ. ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರಿಗೋಸ್ಕರ ಮಂಗಳೂರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕೋಕೋ ಕೊಳ್ಳೋಕೆ ಶುರುಮಾಡಿ, ಕೊಂಡದ್ದನ್ನ ಏನು ಮಾಡೋದು ಅನ್ನೋ ಪ್ರಶ್ನೆಗೆ 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿಬಿಟ್ಟರು. ನನ್ನ ಅಡುಗೆಮನೆಯ ಕೋಕೋ ಪುಡಿ ಹೆಚ್ಚಾಗಿ ಪುತ್ತೂರಿನದ್ದೇ. ಸಂಪಾಜೆ ಘಾಟಿ ದಾಟಿ ಮೈಸೂರಿಗೆ ಬರೋಕೆ ಒಂದು ಹಗಲು ಸಾಕು. ಬ್ರೌನಿ ಪರದೇಶದ ತಿಂಡಿ ಅಂತ ಯಾರಾದರೂ ಮೂಗು ಮುರಿದರೆ ನಾನು ಪಟ್ಟಿ ಒಪ್ಪಿಸ್ತೀನಿ: ಕೋಕೋ ಪುತ್ತೂರು, ಸಕ್ಕರೆ ಮಂಡ್ಯ, ಬೆಣ್ಣೆ ನಂದಿನಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು, ಬ್ರೌನಿಯ ಚಾಕೊಲೇಟಿಗಿಂತ ಮೂರು ದಶಕ ಕಿರಿಯದು ಅಷ್ಟೇ.

ಮೈಸೂರು ಆಹಾರ ವಿಜ್ಞಾನದ ಊರು ಅನ್ನೋದನ್ನ ಇಲ್ಲಿ ನೆನೆಸಿಕೊಳ್ಳಬೇಕು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ, 1961ರಲ್ಲಿ ಸೈನಿಕರ ಊಟದ ಸಂಶೋಧನೆಗೆ ಡಿಎಫ್‌ಆರ್‌ಎಲ್. ಸಿಎಫ್‌ಟಿಆರ್‌ಐನಲ್ಲಿ ಗೋಧಿ ಗಿರಣಿ ಮತ್ತು ಬೇಕಿಂಗಿಗೆ ಒಂದು ವಿಭಾಗವೇ ಇದೆ, ಬೇರೆ ದೇಶದವರೂ ಬಂದು ಹಿಟ್ಟಿನ ಗಿರಣಿ ತಂತ್ರಜ್ಞಾನ ಕಲಿತು ಹೋಗ್ತಾರೆ. ಇಷ್ಟಿದ್ದೂ ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಒಂದೇ ಒಂದು ಮನೆಯಲ್ಲೂ ಓವನ್ ಇರಲಿಲ್ಲ. ಲಷ್ಕರ್ ಮೊಹಲ್ಲಾದ ನನ್ನ ಗೆಳತಿಯ ಮನೆಯಲ್ಲಿ ಕ್ರಿಸ್ಮಸ್‌ಗೆ ಕೇಕಿನ ಹಿಟ್ಟು ಮನೆಯಲ್ಲೇ ಕಲಸಿ, ಬೇಯಿಸೋಕೆ ಬೇಕರಿಗೆ ಕಳಿಸ್ತಿದ್ದರು. ಬೇಕರಿಯವರ ಬ್ರೆಡ್ಡೆಲ್ಲ ಮುಗಿದ ಮೇಲೆ ಆರುತ್ತಾ ಇರೋ ಭಟ್ಟಿಯಲ್ಲಿ ಇವರ ತಟ್ಟೆ. ಗುರುತಿಗೆ ಒಂದೊಂದು ಮನೆಯವರು ಒಂದೊಂದು ಥರ ಬಟ್ಟೆ ಕಟ್ಟಿರ್ತಿದ್ದರು.

ಆಮೇಲೆ ಬಂತು ಮರಳಿನ ಕಾಲ. ಕುಕ್ಕರ್ ತಳಕ್ಕೆ ಎರಡು ಬೆರಳು ಮರಳು, ಮೇಲೊಂದು ಸ್ಟ್ಯಾಂಡು, ಅದರ ಮೇಲೆ ಅಲ್ಯುಮಿನಿಯಂ ಡಬ್ಬ. ಗ್ಯಾಸ್ಕೆಟ್ಟು ತೆಗೆದು, ವೆಯ್ಟ್ ಹಾಕದೆ ಮುಚ್ಚಿ, ಸಣ್ಣ ಉರಿ. ಮನೆ ಕಟ್ಟೋ ಜಾಗದಿಂದ ಮರಳು ತಂದು ಜರಡಿ ಹಿಡಿದು ತೊಳೆದು ಒಣಗಿಸೋದು ನಮ್ಮ ಕೆಲಸ. ಆ ಕೇಕಿನ ಮೊಟ್ಟೆ ಇಲ್ಲದ ಗುಟ್ಟು ಮಿಲ್ಕ್‌ಮೇಡ್ ಡಬ್ಬ. ಹೆಂಗಸರ ಕೈಬರಹದ ನೋಟುಬುಕ್ಕುಗಳಲ್ಲಿ ಅದು ಎಷ್ಟು ಊರು ಸುತ್ತಿದೆಯೋ. ಅಲ್ಲಿಂದ ಗುಂಡನೆಯ ಕರೆಂಟ್ ಓವನ್, ಈಗ ಓಟಿಜಿ. ಮಂಗರಸನ ಮುಚ್ಚಳ ರೊಟ್ಟಿಯ ಕೆಂಡ ಈಗ ಮೇಲೊಂದು ಕೆಳಗೊಂದು ಕಾಯೋ ಸರಳಾಗಿದೆ.

ಮೊಟ್ಟೆ ಇಲ್ಲದ್ದು ಅಂದರೆ ಬರೀ ನಮ್ಮ ಮಡಿವಂತರ ಹಟ ಅಂತ ತಿಳಿದಿದ್ದೆ. ಹಾಗಲ್ಲ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ್ದು ಹೆಂಡತಿಗೆ ಮೊಟ್ಟೆ ಆಗಿಬರದು ಅಂತ. ಅವಳಿಗೆ ಹುದುಗೂ ಆಗ್ತಿರಲಿಲ್ಲ, ಅದಕ್ಕೆ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಮಹಾಯುದ್ಧದ ಕಾಲದಲ್ಲಿ ಮೊಟ್ಟೆ ಸಿಗದೆ ಅಮೆರಿಕದವರೂ ವಿನೆಗರ್, ಸೋಡದಲ್ಲಿ ಕೇಕು ಉಬ್ಬಿಸಿದ್ದಾರೆ. ನಾನು ಅವರ ವಿನೆಗರ್ ಜಾಗಕ್ಕೆ ಹುಳಿ ಮೊಸರು ಹಾಕ್ತೀನಿ, ಅಷ್ಟೇ ವ್ಯತ್ಯಾಸ.

ಆದರೂ ಬ್ರೌನಿಯಲ್ಲಿ ಮೊಟ್ಟೆ ಬಿಡೋದು ಕೇಕಿನಲ್ಲಿ ಬಿಟ್ಟಷ್ಟು ಸುಲಭ ಅಲ್ಲ. ಮೊಟ್ಟೆ ಅಲ್ಲಿ ಮೂರು ಕೆಲಸ ಮಾಡುತ್ತೆ: ಹಿಡಿದುಕೊಳ್ಳೋದು, ಉಬ್ಬಿಸೋದು, ಮೇಲೆ ತೆಳ್ಳಗೆ ಹಪ್ಪಳದಂಥ ಹೊಳಪಿನ ಪದರ ಕೊಡೋದು. ಮೊಸರು ಮೊದಲನೇದನ್ನ ಅರ್ಧ ಮಾಡುತ್ತೆ, ಸೋಡದ ಜೊತೆ ಸೇರಿ ಎರಡನೇದನ್ನ ಪೂರ್ತಿ ಮಾಡುತ್ತೆ, ಮೂರನೇದಕ್ಕೆ ಕೈಯೆತ್ತುತ್ತೆ. ಬಾಳೆಹಣ್ಣು ಚೆನ್ನಾಗಿ ಹಿಡಿಯುತ್ತೆ, ಆದರೆ ಬಾಯಿಗಿಟ್ಟರೆ ಮೊದಲು ಬಾಳೆಹಣ್ಣೇ ಮಾತಾಡುತ್ತೆ. (ನಂಜನಗೂಡು ರಸಬಾಳೆ ಹಾಕಿ ನೋಡಿ ಅಂತ ಒಬ್ಬರು ಸಲಹೆ ಕೊಟ್ಟರು. ರಸಬಾಳೆ ಸಿಕ್ಕರೆ ನಾನು ಅದನ್ನ ಓವನ್‌ಗೆ ಇಡೋಳಲ್ಲ.) ನನಗೆ ಸರಿಹೋದದ್ದು ಅಗಸೆ ಬೀಜ, ಧಾರವಾಡದ ಕಡೆಯವರು ಚಟ್ನಿಪುಡಿ ಮಾಡೋದು. ಒಂದು ದೊಡ್ಡ ಚಮಚ ಪುಡಿಗೆ ಮೂರು ಚಮಚ ನೀರು, ಹತ್ತು ನಿಮಿಷಕ್ಕೆ ಮೊಟ್ಟೆಯ ಬಿಳಿಯ ಹಾಗೇ ಲೋಳೆ ಕಟ್ಟುತ್ತೆ. 100 ಗ್ರಾಂ ಮೈದಾ, 40 ಗ್ರಾಂ ಕೋಕೋ, 180 ಗ್ರಾಂ ಸಕ್ಕರೆ, 110 ಗ್ರಾಂ ಬೆಣ್ಣೆ, ಕಾಲು ಚಮಚ ಸೋಡ, ಎರಡು ಪಾಲು ಅಗಸೆ ಲೋಳೆ, ನಾಲ್ಕು ಚಮಚ ಮೊಸರು. ಸಕ್ಕರೆಯನ್ನ ಬಿಸಿ ಬೆಣ್ಣೆಯಲ್ಲಿ ಚೆನ್ನಾಗಿ ಗೊಟಾಯಿಸಬೇಕು, ಕರಗಿದಷ್ಟೂ ಮೇಲಿನ ಪದರಕ್ಕೆ ಒಳ್ಳೇದು. 180 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ. ಮನೆಯಲ್ಲಿ ಕಡೆದ ಬೆಣ್ಣೆ ಹಾಕೋದಾದರೆ ನೀರು ಹಿಂಡಿ ತೆಗೀಬೇಕು. ಅಂಗಡಿ ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಜಿಡ್ಡು ಇರಲೇಬೇಕು ಅಂತ ಕಾನೂನಿದೆ, ಮನೆ ಬೆಣ್ಣೆಗೆ ಯಾವ ಕಾನೂನೂ ಇಲ್ಲ.

ಚುಕ್ಕೆ ಇರೋ ಟ್ರೇಯದ್ದು ಇದಕ್ಕಿಂತ ಚೆನ್ನಾಗಿರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಇದನ್ನ ಮನೆಯ ಎಲ್ಲರೂ ತಿನ್ನಬಹುದು. ಮನೆಯ ಓವನ್ ಯಾವ ಬೋರ್ಡೂ ಕೇಳೋದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರೋವರ ಮಗಳು ಪಿಯುಸಿ ಓದ್ತಿದ್ದಾಳೆ, ಭಾನುವಾರ ಬಂದು ನನ್ನ ಜೊತೆ ಹಿಟ್ಟು ಕಲಸ್ತಾಳೆ. ಮೊದಲ ಸಲ ಅವಳು ಕಲಸಿದ ದಿನ ನಾನು ಅತ್ತೆಗೆ ಹೇಳಿಯೇ ತಟ್ಟೆ ಮುಂದಿಟ್ಟೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ "ಮೊಟ್ಟೆ ಇಲ್ಲ ತಾನೆ?" ಅಂತ ಅಷ್ಟೇ ಕೇಳಿ ತಗೊಂಡರು. ಹೊಳೆನರಸೀಪುರದ ಆ ಅಂಗಳದಿಂದ ಈ ಪ್ರಶ್ನೆಗೆ ಬರೋಕೆ ಅವರಿಗೆ ಸುಮಾರು ಎಂಬತ್ತು ವರ್ಷ ಬೇಕಾಯಿತು. ಕೈಯ ವಿಷಯ ಕೇಳಲಿಲ್ಲ, ಮೊಟ್ಟೆಯದ್ದು ಕೇಳಿದರು. ನನಗೆ ಅವತ್ತೇ ಈ ಲೇಖನ ಬರೀಬೇಕು ಅನ್ನಿಸಿದ್ದು.

ಈಗ ಅವರಿಬ್ಬರೂ ಸೇರಿ ನನ್ನ ಮೇಲೆ ಹೊಸ ಕೆಲಸ ಹೊರಿಸಿದ್ದಾರೆ: ರಾಗಿ ಕುಕಿ. ರಾಗಿಗೆ ಗೋಧಿಯ ಹಾಗೆ ಅಂಟಿಲ್ಲ, ಒಂದನ್ನೇ ಹಾಕಿದರೆ ಉದುರಿ ಹೋಗುತ್ತೆ. ಅರ್ಧಕ್ಕರ್ಧ ಗೋಧಿಹಿಟ್ಟು ಸೇರಿಸಬೇಕು. ರಾಗಿಹಿಟ್ಟನ್ನ ಮೊದಲು ಘಮ ಬರೋವರೆಗೆ ಹುರಿದರೆ ಹಸಿ ವಾಸನೆ ಹೋಗುತ್ತೆ. 75 ಗ್ರಾಂ ರಾಗಿ, 75 ಗ್ರಾಂ ಗೋಧಿ, 90 ಗ್ರಾಂ ಬೆಣ್ಣೆ, 70 ಗ್ರಾಂ ಪುಡಿಬೆಲ್ಲ, ಏಲಕ್ಕಿ. 170 ಡಿಗ್ರಿ, ಹದಿನೈದು ನಿಮಿಷ. ಕಳೆದ ವಾರದ್ದು ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ ಬಂದಿತ್ತು. ಹುಡುಗಿ ಫೋಟೋ ತೆಗೀತಾ ಇದ್ದಳು. ಅತ್ತೆ ಒಂದು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ಅಂದರು:

"ಹುರಿಹಿಟ್ಟಿನ ಉಂಡೆ ಕಣೇ ಇದು. ಚಪ್ಪಟೆ ಮಾಡಿದೀಯ ಅಷ್ಟೇ."